ಬೀಳದ ಹೂವು

ನನ್ನ ತವರಿನಲ್ಲಿ ಹೂ ಕೇಳದೆ ಒಂದು ಎಮ್ಮೆಯನ್ನೂ ಮನೆಗೆ ಹೊಡೆದುಕೊಂಡು ಬಂದವರಿಲ್ಲ. ಬೋರು ಎಲ್ಲಿ ಕೊರೆಸಬೇಕು, ಹಿತ್ತಿಲ ಬಾಗಿಲು ಯಾವ ಕಡೆಗಿಡಬೇಕು, ಕುರಿಗಳನ್ನು ಈ ಸಂತೆಗೆ ಹೊಡೆಯಬೇಕೋ ಮುಂದಿನ ಸಂತೆಗೋ, ಎಲ್ಲಕ್ಕೂ ದೇವರ ಹೂವೇ ಆಗಬೇಕು. ಒಮ್ಮೆ ಅಪ್ಪ ಅಲ್ಲಾಡುತ್ತಿದ್ದ ಹಲ್ಲು ಕೀಳಿಸುವುದಕ್ಕೂ ಹೂ ಕೇಳಿದ್ದರು. ಅಪ್ಪಣೆ ಆಗುವಷ್ಟರಲ್ಲಿ ಹಲ್ಲು ಮುದ್ದೆಯ ಜೊತೆ ಹೊಟ್ಟೆಗೆ ಹೋಗಿತ್ತು. ಈ ಕತೆಯನ್ನು ನಮ್ಮವರು ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಕಾದು ಕಾದು ಆ ಮನೆಯಲ್ಲಿ ಕಳೆದುಹೋದದ್ದು ಹಲ್ಲೊಂದೇ ಅಲ್ಲ.

ನಮ್ಮ ಮನೆದೇವರು ಒಬ್ಬ ಅಮ್ಮ. ಹೊಸದುರ್ಗದಿಂದ ಒಳಕ್ಕೆ, ಗುಡ್ಡದ ಬುಡದಲ್ಲಿ ಅವಳ ಗುಡಿ. ಹೂ ಕೇಳುವುದು ಶುಕ್ರವಾರ ಬೆಳಿಗ್ಗೆ. ಪೂಜಾರಪ್ಪ ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡೂ ಭುಜಗಳಿಗೆ ಅಂಟಿಸುತ್ತಾನೆ. ಒಂದು ಊದುಬತ್ತಿ ಹಚ್ಚಿಡುತ್ತಾನೆ. ಮನೆಯ ಹಿರಿಯ ಗಂಡಸು ಗರ್ಭಗುಡಿಯ ಹೊಸ್ತಿಲ ಪಕ್ಕ ಕುಳಿತು ಅವನ ಕಿವಿಯಲ್ಲಿ ವಿಷಯ ಹೇಳುತ್ತಾನೆ, ಪೂಜಾರಪ್ಪ ಅದನ್ನು ಅಮ್ಮನಿಗೆ ಅರಿಕೆ ಮಾಡುತ್ತಾನೆ. ಬಲಭುಜದ ಹೂ ಬಿದ್ದರೆ ಆಗಲಿ ಎಂದು, ಎಡಭುಜದ್ದು ಬಿದ್ದರೆ ಬೇಡ ಎಂದು. ಊದುಬತ್ತಿ ಉರಿದು ಮುಗಿಯುವವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಹೆಂಗಸರು ನಾವು ಹೊರಗೆ ಹುಣಸೇಮರದ ಕೆಳಗೆ ಕೈಮುಗಿದುಕೊಂಡು ನಿಂತಿರುತ್ತಿದ್ದೆವು. ಒಳಗಿನಿಂದ ನಮಗೆ ಕೇಳಿಸುತ್ತಿದ್ದದ್ದು ಗಂಟೆಯ ಸದ್ದು, ಗಂಡಸರ ಕೆಮ್ಮು, ಅಷ್ಟೆ. ಹೊರಗೆ ಬಂದವರ ಮುಖ ನೋಡಿ ನಮ್ಮ ಹಣೆಬರಹ ತಿಳಿದುಕೊಳ್ಳಬೇಕಿತ್ತು.

ಇಷ್ಟು ಹೇಳಿದ ಮೇಲೆ ಬಬ್ಬೂರಿನ ವಿಷಯಕ್ಕೆ ಬರಬೇಕು. ಬರುವುದಕ್ಕೆ ಮುಂಚೆಯೇ ಮೈ ಉರಿಯುತ್ತದೆ.

ಹಿರಿಯೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ನಾನು ಪಿಯುಸಿ ಸೈನ್ಸ್ ಓದಿದೆ. ಕಾಲೇಜಿನವರು ಒಂದು ದಿನ ನಮ್ಮನ್ನು ಪಕ್ಕದ ಬಬ್ಬೂರಿನ ಕೃಷಿ ಫಾರಂಗೆ ಕರೆದುಕೊಂಡು ಹೋದರು. ಉಳಿದ ಹುಡುಗಿಯರೆಲ್ಲ ಮಾವಿನ ಮರದ ನೆರಳು ಹುಡುಕಿಕೊಂಡು ಹೋದರೆ ನಾನು ಬೀಜ ಪರೀಕ್ಷೆ ಮಾಡುವ ಕೋಣೆಯಲ್ಲೇ ನಿಂತುಬಿಟ್ಟೆ. ಅಲ್ಲೊಬ್ಬ ಮೇಡಂ ಒದ್ದೆ ಕಾಗದದ ಮೇಲೆ ಶೇಂಗಾ ಬೀಜಗಳನ್ನು ಸಾಲಾಗಿ ಇಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿ ನಿಲ್ಲಿಸುತ್ತಿದ್ದರು. ಹಿಂದಿನ ವಾರ ಸುತ್ತಿಟ್ಟಿದ್ದ ಒಂದನ್ನು ನನ್ನ ಮುಂದೆಯೇ ಬಿಡಿಸಿದರು. ಹೆಚ್ಚಿನ ಬೀಜಗಳು ಬಿಳಿ ಬೇರು ಬಿಟ್ಟು, ಎಳೆ ಕೂಸಿನ ಬೆರಳಿನ ಹಾಗೆ ಕಾಣುತ್ತಿದ್ದವು. ಬೇರು ಬಿಡದ ಬೀಜಗಳೂ ಅಲ್ಲಲ್ಲಿ ಇದ್ದವು. ಅವು ಹೊರಗಿನಿಂದ ನೋಡುವುದಕ್ಕೆ ಉಳಿದವುಗಳಷ್ಟೇ ದುಂಡಗಿದ್ದವು. ಯಾಕೆ ಕೆಲವು ಹಾಗೆ ಉಳಿದವು ಎಂದು ಕೇಳಿದೆ. ಅದನ್ನು ಕಂಡುಹಿಡಿಯುವುದೇ ನಮ್ಮ ಕೆಲಸ ಎಂದು ಮೇಡಂ ಹೇಳಿದರು. ಆ ದಿನ ನನಗೆ ಬೇರೆ ಯಾವ ಕೆಲಸವೂ ಬೇಡ ಎನಿಸಿತು. ಪಿಯುಸಿ ಮುಗಿಯುವ ಹೊತ್ತಿಗೆ ಅದೇ ಕೋಣೆಗೆ ಒಬ್ಬ ಸಹಾಯಕಿ ಬೇಕಾಗಿದ್ದಾಳೆಂದು ಗೊತ್ತಾಗಿ ಚಿಕ್ಕಮ್ಮನ ಜೊತೆ ಹೋಗಿ ಮಾತಾಡಿದೆ. ಮೇಡಂಗೆ ನನ್ನ ನೆನಪಿತ್ತು. ಮುಂದಿನ ಸೋಮವಾರ ಬಂದು ಸೇರಿಕೋ ಎಂದರು. ಕೆಲಸ ಮಾಡುತ್ತಲೇ ಮುಂದಕ್ಕೆ ಓದಬಹುದು, ದಾರಿ ನಾನು ತೋರಿಸುತ್ತೇನೆ ಎಂದೂ ಹೇಳಿದರು.

ಊರಿಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಬೈಯಲಿಲ್ಲ, ಬೇಡ ಅನ್ನಲಿಲ್ಲ. ಬೈದಿದ್ದರೆ ನಾನು ಜಗಳವಾಡುತ್ತಿದ್ದೆನೋ ಏನೋ. "ಒಳ್ಳೇದೇ ಐತೆ ಕಣವ್ವ. ಒಂದ್ಮಾತು ಹೂ ಕೇಳಾಣ" ಅಂದರು.

ಅದೇ ದಿನ ಅಣ್ಣನದೂ ಒಂದು ವಿಷಯವಿತ್ತು. ಅವನಿಗೆ ಚಿತ್ರದುರ್ಗದ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುವ ಆಸೆ. ಶುಕ್ರವಾರ ಇಬ್ಬರದನ್ನೂ ಒಟ್ಟಿಗೆ ಕೇಳಿಸಿದರು. ನಾನು ಹುಣಸೇಮರದ ಕೆಳಗೆ ಅವ್ವನ ಪಕ್ಕ ನಿಂತಿದ್ದೆ. ಅಪ್ಪ ಹೊರಗೆ ಬಂದವರೇ ಅಣ್ಣನ ಬೆನ್ನು ತಟ್ಟಿ "ನಿಂದಾಯ್ತು ಕಣಪ್ಪ, ಹೊರಡು" ಅಂದರು. ನನ್ನ ಕಡೆ ತಿರುಗಿ, "ನಿಂದು ಆಗ್ಲಿಲ್ಲವ್ವ. ಮುಂದಿನ ಶುಕ್ರವಾರ ನೋಡಾಣ" ಅಂದರು. ಪಾಪ, ಅವರ ದನಿಯೂ ಬಾಡಿತ್ತು. ಅಣ್ಣ ಭಾನುವಾರವೇ ದುರ್ಗಕ್ಕೆ ಹೋದ. ಮೂರು ತಿಂಗಳಿಗೆ, ಅಲ್ಲಿ ಕೈಯೆಲ್ಲಾ ಗ್ರೀಸಾಗುತ್ತದೆ ಎಂದು ವಾಪಸು ಬಂದ. ಅವನಿಗೆ ಯಾರೂ ಏನೂ ಅನ್ನಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಚೀಲ ಹಿಡಿದುಕೊಂಡು ಬಸ್ಸು ನಿಲ್ಲುವಲ್ಲಿಗೆ ಹೋಗಿದ್ದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಚೀಲದಲ್ಲಿ ಎರಡು ಲಂಗ, ಒಂದು ಬಾಚಣಿಗೆ, ಮಾರ್ಕ್ಸ್ ಕಾರ್ಡು. ಹಿರಿಯೂರಿನ ಬಸ್ಸು ಬಂತು, ನಿಂತಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು "ಬರ್ತೀಯೇನಮ್ಮ?" ಎಂದು ಕೇಳಿದ. ನಾನು "ಇಲ್ಲ, ಸುಮ್ನೆ ನಿಂತಿದೀನಿ" ಅಂದೆ. ಅವನು ನನ್ನನ್ನೂ ನನ್ನ ಚೀಲವನ್ನೂ ಒಮ್ಮೆ ನೋಡಿ ಸೀಟಿ ಊದಿದ. ಚೀಲ ಹಿಡಿದುಕೊಂಡು ಯಾರಾದರೂ ಸುಮ್ಮನೆ ನಿಲ್ಲುತ್ತಾರೆಯೇ?

ಚಿಕ್ಕಮ್ಮ ಹೋಗಿ ಕೇಳಿಕೊಂಡದ್ದಕ್ಕೆ ಮೇಡಂ ಇನ್ನೂ ಸ್ವಲ್ಪ ದಿನ ಕಾದರು. ಮತ್ತೊಂದು ಶುಕ್ರವಾರ ಹೂ ಆಗಲಿಲ್ಲ. ಅದರ ಮುಂದಿನ ಶುಕ್ರವಾರವೂ ಆಗಲಿಲ್ಲ. ಅಷ್ಟು ಹೊತ್ತಿಗೆ ಆ ಕೋಣೆಗೆ ಬೇರೆ ಹುಡುಗಿ ಬಂದಾಗಿತ್ತು. ಅಮ್ಮನೇ ಬೇಡ ಎಂದ ಮೇಲೆ ಏನು ಮಾಡುವುದು ಎಂದು ಬೀದಿಯವರೆಲ್ಲ ಸಮಾಧಾನ ಹೇಳಿದರು. ಹೊರಕೆರೆದೇವಪುರದಿಂದ ಬಂದಿದ್ದ ಅಜ್ಜಿಯೊಬ್ಬಳು, ನಿನಗೆ ಆ ನೀರಿನ ಋಣ ಇರಲಿಲ್ಲ ಬಿಡು ಎಂದು ತಲೆ ನೇವರಿಸಿದಳು. ನಾನೂ ನಂಬಿದೆ. ದೇವರು ಅಣ್ಣನ ಗ್ರೀಸಿಗೆ ಒಪ್ಪಿ ನನ್ನ ಬೀಜಕ್ಕೆ ಒಪ್ಪಲಿಲ್ಲ ಎಂದರೆ ನನ್ನಲ್ಲೇ ಏನೋ ಕೊರತೆ ಇರಬೇಕು ಎಂದುಕೊಂಡೆ. ಇದೇ ನನಗೆ ಈಗ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವ ಮಾತು.

ಆಮೇಲೆ ಮದುವೆಯಾಗಿ ಹೊಳಲ್ಕೆರೆಗೆ ಬಂದೆ. ಆ ಸಂಬಂಧಕ್ಕೆ ಮಾತ್ರ ಮೊದಲ ಶುಕ್ರವಾರವೇ ಅಪ್ಪಣೆಯಾಗಿತ್ತು. ನನ್ನ ಗಂಡನದು ಬೀಜ ಗೊಬ್ಬರದ ಅಂಗಡಿ. ಗಲ್ಲಾದ ಹಿಂದೆ ಕುಳಿತು ನಾನು ಬೀಜದ ಪ್ಯಾಕೆಟ್ಟುಗಳನ್ನು ಮಾರುತ್ತೇನೆ. ಪ್ರತಿ ಪ್ಯಾಕೆಟ್ಟಿನ ಹಿಂದೆ ನೂರಕ್ಕೆ ಎಷ್ಟು ಬೀಜ ಮೊಳೆಯುತ್ತದೆ ಎಂದು ಬರೆದಿರುತ್ತದೆ. ಎಲ್ಲೋ ಒಬ್ಬಳು ಒದ್ದೆ ಕಾಗದ ಬಿಡಿಸಿ ಎಣಿಸಿರುತ್ತಾಳೆ. ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಆ ಸಣ್ಣ ಅಕ್ಷರಗಳನ್ನು ಓದುತ್ತಾ ಕೂರುತ್ತೇನೆ. ಒಮ್ಮೆ ಗಂಡನಿಗೆ ಬಬ್ಬೂರಿನ ಕತೆ ಹೇಳಿದಾಗ, "ಈಗೇನಾಯ್ತು, ಬೀಜದ ಜೊತೆಗೇ ಇದೀಯಲ್ಲ" ಅಂದರು. ತಮಾಷೆಯಾಗಿಯೇ ಅಂದರು, ಮನುಷ್ಯ ಕೆಟ್ಟವರಲ್ಲ. ಆ ದಿನ ಸಾರಿಗೆ ಉಪ್ಪು ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ.

ಕಾಯುವುದು ಒಂದು ರೋಗ. ಒಮ್ಮೆ ಹತ್ತಿದರೆ ಬಿಡುವುದಿಲ್ಲ. ನಾನು ಸೀರೆಯಂಗಡಿಯಲ್ಲಿ ಎರಡು ಸೀರೆ ಮುಂದಿಟ್ಟುಕೊಂಡು ಕುಳಿತರೆ ಅಂಗಡಿಯವನಿಗೆ ಆಕಳಿಕೆ ಬರುತ್ತಿತ್ತು. ಮಹಿಳಾ ಸಂಘದವರು ನೀವೇ ಅಧ್ಯಕ್ಷರಾಗಿ ಎಂದು ಮನೆಗೆ ಬಂದಾಗ ಕಾಫಿ ಕೊಟ್ಟು "ನೋಡಾಣ" ಎಂದೆ. ಎರಡು ಸಲ ಬಂದರು, ಮೂರನೇ ಸಲ ಬರಲಿಲ್ಲ. ಬೀಜದ ಬಗ್ಗೆ ರೇಡಿಯೋದಲ್ಲಿ ಮಾತಾಡುತ್ತೀರಾ ಎಂದು ಚಿತ್ರದುರ್ಗದಿಂದ ಒಬ್ಬರು ಫೋನ್ ಮಾಡಿದಾಗಲೂ ಅದೇ ಮಾತು. ನೋಡಾಣ ಎನ್ನುವ ನಾವು ಏನನ್ನೂ ನೋಡುವುದಿಲ್ಲ, ಎದುರಿಗಿದ್ದದ್ದು ಎದ್ದು ಹೋಗುವುದನ್ನು ಬಿಟ್ಟು. ಆದರೂ ಜನ ನನ್ನನ್ನು ತಾಳ್ಮೆಯ ಹೆಂಗಸು ಎಂದು ಹೊಗಳುತ್ತಿದ್ದರು. ಹೊಗಳಿಸಿಕೊಂಡು ನಾನೂ ಹಲ್ಲು ಕಿರಿಯುತ್ತಿದ್ದೆ.

ಹೀಗಿದ್ದಾಗ ಈ ವರ್ಷ ಒಂದು ಬುಧವಾರ ಅಣ್ಣನ ಮಗಳು ಫೋನ್ ಮಾಡಿದಳು. ಇವಳು ದುರ್ಗದಲ್ಲಿ ಡಿಗ್ರಿ ಮುಗಿಸಿದವಳು. ಚಿಕ್ಕಂದಿನಿಂದ ಕಲ್ಲುಗಳ ಹುಚ್ಚು. ರಜದಲ್ಲಿ ನಮ್ಮ ಮನೆಗೆ ಬಂದರೆ ಹೋಗುವಾಗ ಚೀಲದ ತುಂಬ ಕಲ್ಲು ಹೊತ್ತುಕೊಂಡು ಹೋಗುತ್ತಿದ್ದಳು. ಈಗ ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಶನಿವಾರದೊಳಗೆ ಹೋಗಿ ಸೇರಿಕೊಳ್ಳದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ.

"ಅತ್ತೆ, ಅಪ್ಪ ಬೇಡ ಅನ್ನಲ್ಲ. ಶುಕ್ರವಾರ ಹೂ ಕೇಳಾಣ ಅಂತಾನೆ" ಅಂದಳು.

ಮರುದಿನವೇ ಅಂಗಡಿಯನ್ನು ಗಂಡನ ಮೇಲೆ ಹಾಕಿ ತವರಿನ ಬಸ್ಸು ಹತ್ತಿದೆ.

ಅಪ್ಪ ಈಗಿಲ್ಲ. ಹೂ ಕೇಳುವ ಯಜಮಾನಿಕೆ ಅಣ್ಣನದು. ನಾನು ಮೆಲ್ಲಗೆ ವಿಷಯ ತೆಗೆದೆ. "ಕಲ್ಲು ಓದಕ್ಕೆ ಧಾರವಾಡಕ್ಕೆ ಯಾಕೆ ಹೋಗ್ಬೇಕು? ನಮ್ಮ ಜಿಲ್ಲೇಲಿ ಕಲ್ಲಿಗೇನು ಬರ ಐತಾ?" ಎಂದು ಅವನು ನಕ್ಕ. ಅತ್ತಿಗೆಯೂ ನಕ್ಕಳು. ಹುಡುಗಿ ನಗಲಿಲ್ಲ. ಅವನ ಮಗನದೂ ಒಂದು ವಿಷಯವಿತ್ತು. ಹಿರಿಯೂರಿನ ಹೈವೇ ಪಕ್ಕ ಬೇಕರಿ ಇಡಬೇಕೆಂದು ಹಟ ಹಿಡಿದಿದ್ದ. ಆ ಮಗನಿಗೆ ಬನ್ನು ತಿನ್ನುವುದು ಗೊತ್ತು, ಬೇಯಿಸುವುದು ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ಕೇಳಿಸಿಬಿಡೋಣ ಎಂದು ಅಣ್ಣ ಹೇಳಿದ. ಎಲ್ಲ ಅದೇ, ಹಿಂದಿನ ಹಾಗೆಯೇ. ನನಗೆ ಸಿಟ್ಟು ಬಂತು. ಆದರೆ ಬಾಯಿ ಬಿಡಲಿಲ್ಲ. ದೇವರ ವಿಷಯ ನೋಡಿ, ಬಾಯಿ ಬಿಡುವುದು ಹೇಗೆ?

ಶುಕ್ರವಾರ ಬೆಳಿಗ್ಗೆ ಹೊರಟೆವು. ಹುಡುಗಿಯ ಹೆಗಲಲ್ಲಿ ದೊಡ್ಡ ಚೀಲವಿತ್ತು. ಏನದು ಎಂದು ಕೇಳಿದೆ. ಬಟ್ಟೆ, ಸರ್ಟಿಫಿಕೇಟುಗಳು, ಆಧಾರ್ ಕಾರ್ಡು. ಹೂ ಆದರೆ ಹಾಗೇ ಹೊರಡುವುದಕ್ಕೆ ಎಂದಳು.

ಗುಡಿಯಲ್ಲಿ ಒಂದು ಹೊಸದು ಕಂಡಿತು. ಪೂಜಾರಪ್ಪನಿಗೆ ವಯಸ್ಸಾಗಿದೆ, ದನಿ ಬಿದ್ದುಹೋಗಿದೆ. ಹಬ್ಬದ ದಿನ ಮಂತ್ರ ಯಾರಿಗೂ ಕೇಳಿಸುವುದಿಲ್ಲವೆಂದು ಊರಿನ ಹುಡುಗರು ಅವನ ಕೊರಳಿಗೊಂದು ಮೈಕು ಸಿಕ್ಕಿಸಿ, ಹುಣಸೇಮರದ ಕೊಂಬೆಗೆ ಸ್ಪೀಕರು ಕಟ್ಟಿದ್ದರು. ಅವನಿಗೆ ಅದನ್ನು ಆರಿಸುವುದು ಗೊತ್ತಿಲ್ಲ. ಹೀಗಾಗಿ ನನ್ನ ಜೀವಮಾನದಲ್ಲಿ ಮೊದಲ ಸಲ, ಒಳಗೆ ಅಮ್ಮನ ಮುಂದೆ ಏನು ಅರಿಕೆ ಮಾಡುತ್ತಾರೆ ಎನ್ನುವುದು ಮರದ ಕೆಳಗೆ ನಿಂತ ನಮಗೆ ಕೇಳಿಸಿತು.

ಮೊದಲು ಬೇಕರಿ.

"ತಾಯೀ, ಈ ಮನೆ ಮಗ ಹೈವೇ ಮ್ಯಾಲೆ ಬೇಕ್ರಿ ಇಡ್ತೀನಿ ಅಂತಾನೆ. ನಿಂದೇನಾರ ಅಡ್ಡಿ ಇದ್ರೆ ಎಡಗಡೆ ಹೂ ಕೊಡವ್ವ. ಇಲ್ದಿದ್ರೆ ಮುಂದಕ್ಕೆ ಹೋಗ್ತೀವಿ."

ಊದುಬತ್ತಿ ಉರಿಯಿತು, ಮುಗಿಯಿತು. ಯಾವ ಹೂವೂ ಬೀಳಲಿಲ್ಲ. "ಅಡ್ಡಿ ಇಲ್ಲ ಕಣಪ್ಪ, ಅಪ್ಪಣೆ ಆದಂಗೇ" ಎಂದು ಸ್ಪೀಕರು ಹೇಳಿತು. ಅತ್ತಿಗೆ ಗಲ್ಲ ಗಲ್ಲ ಬಡಿದುಕೊಂಡಳು.

ಇನ್ನೊಂದು ಊದುಬತ್ತಿ ಹಚ್ಚಿದರು.

"ತಾಯೀ, ಈ ಮನೆ ಮಗಳು ಓದಕ್ಕೆ ಅಂತ ಧಾರವಾಡಕ್ಕೆ ಹೋಗ್ತೀನಿ ಅಂತಾಳೆ. ನಿನ್ನ ಒಪ್ಪಿಗೆ ಇದ್ರೆ ಬಲಗಡೆ ಹೂ ಕೊಡವ್ವ. ನೀನು ಕೊಟ್ರೆ ಕಳಿಸ್ತೀವಿ."

ಮತ್ತೆ ಉರಿಯಿತು, ಮತ್ತೆ ಮುಗಿಯಿತು. ಮತ್ತೆ ಯಾವ ಹೂವೂ ಬೀಳಲಿಲ್ಲ. "ಆಗ್ಲಿಲ್ಲಪ್ಪ" ಎಂದಿತು ಸ್ಪೀಕರು.

ಎರಡು ಸಲವೂ ಅಮ್ಮ ಸುಮ್ಮನಿದ್ದಳು. ಅವಳು ಸುಮ್ಮನಿದ್ದದ್ದು ಒಂದೇ ಥರ. ಅದು ಹುಡುಗನಿಗೆ ಹೋಗು ಎಂದಾಯಿತು, ಹುಡುಗಿಗೆ ಬೇಡ ಎಂದಾಯಿತು. ಸುತ್ತ ನಿಂತಿದ್ದ ಹೆಂಗಸರಲ್ಲಿ ಒಬ್ಬಳ ಮುಖದಲ್ಲೂ ಏನೂ ಬದಲಾಗಲಿಲ್ಲ. ಹುಡುಗಿ ಚೀಲವನ್ನು ಹೆಗಲಿನಿಂದ ಇಳಿಸಿದಳು.

"ಇರ್ಲಿ ಬಿಡತ್ತೆ. ಮುಂದಿನ ವರ್ಷ ನೋಡಾಣ" ಅಂದಳು.

ಆ ನೋಡಾಣ ಕೇಳಿದ್ದೇ ನನಗೆ ತಡೆಯಲಾಗಲಿಲ್ಲ. ಹೆಂಗಸರು ಹೂ ಕೇಳುವಾಗ ದಾಟದ ಮೆಟ್ಟಿಲು ದಾಟಿ ಒಳಗೆ ಹೋದೆ.

"ಅಣ್ಣ, ಅವನದ್ದನ್ನ ಒಂಥರ ಕೇಳ್ಸಿದೆ, ಇವಳದ್ದನ್ನ ಇನ್ನೊಂಥರ ಕೇಳ್ಸಿದೆ. ಯಾಕೆ?"

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಿಡಿಸಿ ಹೇಳಬೇಕಾಯಿತು. ಹೇಳಿದ ಮೇಲೂ ಅವನ ಮುಖದಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದವನ ಕಳೆ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಅದು ಹಂಗೇ ಕಣೇ" ಅಂದ. "ಗಂಡುಹುಡ್ರುದಕ್ಕೆ ಅಡ್ಡಿ ಐತಾ ಅಂತ ಕೇಳ್ತಾರೆ, ಹೆಣ್ಣುಹುಡ್ರುದಕ್ಕೆ ಒಪ್ಪಿಗೆ ಐತಾ ಅಂತ ಕೇಳ್ತಾರೆ. ಅಪ್ಪನೂ ಹಂಗೇ ಕೇಳ್ತಿದ್ರು, ತಾತನೂ ಹಂಗೇ."

"ನನ್ನ ಬಬ್ಬೂರಿಂದು?"

"ಅದೂ ಹಂಗೇ."

"ನಿನ್ನ ಗ್ಯಾರೇಜಿಂದು? ಅವತ್ತು ನಿಂಗೆ ಹೂ ಬಿದ್ದಿತ್ತಾ?"

"ಎಲ್ಲಿ ಬಿದ್ದಿತ್ತು? ಅಮ್ಮ ಸುಮ್ನಿದ್ಲು. ನಾನು ಹೋದೆ."

ಎಷ್ಟು ಸಲೀಸಾಗಿ ಹೇಳಿದ! ಅಮ್ಮ ಸುಮ್ಮನಿದ್ದಳು, ನಾನು ಹೋದೆ. ಇಪ್ಪತ್ತು ವರ್ಷಕ್ಕೂ ಮೇಲೆ ನಾನು ದೇವರಿಗೇ ಬೇಡವಾದವಳು ಎಂದುಕೊಂಡು ಬದುಕಿದೆ. ಅವಳು ನನ್ನ ವಿಷಯದಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಅವಳ ಹೆಸರಿನಲ್ಲಿ ಬೇಡ ಎಂದವರು ನಮ್ಮ ಮನೆಯ ಗಂಡಸರು. ಅದೂ ತಾವು ಹಾಗೆ ಎಂದೆವು ಎನ್ನುವುದು ಅವರಿಗೇ ಗೊತ್ತಿಲ್ಲದೆ, ಬಾಡಿದ ಮುಖ ಮಾಡಿಕೊಂಡು, ಮರುಕಪಡುತ್ತಾ! ಗಂಡುಮಕ್ಕಳಿಗೆ ಬಾಗಿಲು ತೆರೆದೇ ಇರುತ್ತದೆ, ದೇವರು ಎದ್ದು ಬಂದು ಮುಚ್ಚಬೇಕು. ನಮಗೆ ಮುಚ್ಚಿಯೇ ಇರುತ್ತದೆ, ಅವಳೇ ಎದ್ದು ಬಂದು ತೆರೆಯಬೇಕು. ಕಲ್ಲಿನ ಅಮ್ಮ ಏಳುವುದಿಲ್ಲ ಎಂದು ಎಲ್ಲರಿಗೂ ಚೆನ್ನಾಗಿ ಗೊತ್ತು.

ಪೂಜಾರಪ್ಪನ ಕಡೆ ತಿರುಗಿದೆ. ಅವನು ಹೆದರಿಕೊಂಡು, "ಕೇಳ್ಸೋರು ಹೆಂಗೆ ಕೇಳು ಅಂತಾರೋ ಹಂಗೆ ಕೇಳ್ತೀನವ್ವ, ನಂದೇನಿಲ್ಲ" ಎಂದ. ಮೈಕು ಅದನ್ನೂ ಊರಿಗೆಲ್ಲ ಹೇಳಿತು.

"ಆಯ್ತು, ರಾದ್ಧಾಂತ ಬ್ಯಾಡ" ಅಂದ ಅಣ್ಣ. "ಮುಂದಿನ ಶುಕ್ರವಾರ ನೀನ್ ಹೇಳ್ದಂಗೇ ಕೇಳ್ಸಾಣ ತಗ."

"ಸೀಟು ನಾಳೆಗೆ ಹೋಗ್ತೈತೆ. ಈಗಲೇ ಕೇಳ್ಸು."

"ಒಂದು ವಿಷಯ ಎರಡ್ಸಲ ಕೇಳಂಗಿಲ್ಲ."

"ನಂದು ಮೂರು ಶುಕ್ರವಾರ ಕೇಳ್ಸಿದ್ರಲ್ಲ ಅಣ್ಣ!"

ನಾನೇ ಪೂಜಾರಪ್ಪನಿಗೆ ಹೇಳಿದೆ. "ಇನ್ನೊಂದ್ಸಲ ಹೂ ಮುಡ್ಸಪ್ಪ. ಅಡ್ಡಿ ಇದ್ರೆ ಎಡಗಡೆ ಕೊಡು ಅಂತ ಕೇಳು." ಅವನು ಅಣ್ಣನ ಮುಖ ನೋಡಿದ. ಅಣ್ಣ ನೆಲ ನೋಡಿದ. ಪೂಜಾರಪ್ಪ ಹೂ ಅದ್ದಿ ಅಂಟಿಸಿ, ಊದುಬತ್ತಿ ಹಚ್ಚಿ, ನಾನು ಹೇಳಿದ ಮಾತನ್ನೇ ಅಮ್ಮನಿಗೆ ಅರಿಕೆ ಮಾಡಿದ.

ಕಾಯತೊಡಗಿದೆವು. ಹುಡುಗಿಯೂ ಬಂದು ನನ್ನ ಪಕ್ಕ ನಿಂತಳು. ಎಡಭುಜದ ಕಣಗಿಲೆಯ ತುದಿಯಲ್ಲಿ ಒಂದು ಹನಿ ನೀರು ಇಳಿಬಿದ್ದಿತ್ತು. ನನ್ನ ಕಣ್ಣು ಅದರ ಮೇಲೆಯೇ. ಗಾಳಿ ಬೀಸಿದರೆ? ನೀರು ಆರಿ ಹೂ ಜಾರಿದರೆ? ಬೀಳಬೇಡ, ಬೀಳಬೇಡ ಎಂದು ಒಳಗೊಳಗೇ ಗೋಗರೆಯುತ್ತಿದ್ದೆ. ಹಾಗೆ ಗೋಗರೆಯುತ್ತಿರುವಾಗಲೇ ನನಗೆ ನನ್ನ ಮೇಲೆ ಕೋಪ ಬಂತು. ಇಷ್ಟೆಲ್ಲ ಗೊತ್ತಾದ ಮೇಲೂ ನಾನು ಮಾಡುತ್ತಿದ್ದುದೇನು? ಕೈಮುಗಿದುಕೊಂಡು ಒಂದು ಹೂವನ್ನು ನೋಡುತ್ತಾ ನಿಂತಿದ್ದೆ. ಪ್ರಶ್ನೆ ಬದಲಾಯಿಸಿದ್ದೆ ಅಷ್ಟೆ. ನಿಲ್ಲುವುದು ಬಿಟ್ಟಿರಲಿಲ್ಲ.

ರಸ್ತೆಯ ತಿರುವಿನಲ್ಲಿ ಹೊಸದುರ್ಗದ ಬಸ್ಸು ಹಾರ್ನ್ ಹೊಡೆಯಿತು. ಅದು ಹೋದರೆ ಮಧ್ಯಾಹ್ನದವರೆಗೆ ಬೇರೆ ಬಸ್ಸಿಲ್ಲ, ಮಧ್ಯಾಹ್ನ ಹೊರಟರೆ ಧಾರವಾಡ ಸೇರುವುದು ಕಷ್ಟ. ನಾನು ಹುಡುಗಿಯ ಮೊಣಕೈ ಹಿಡಿದೆ.

"ನಡಿ."

"ಅತ್ತೆ, ಊದುಬತ್ತಿ ಇನ್ನೂ ಅರ್ಧ ಐತೆ."

"ಉರೀಲಿ. ನೀನು ನಡಿ."

ಅವಳು ಒಂದು ಕ್ಷಣ ಅಪ್ಪನ ಕಡೆ ನೋಡಿದಳು. ಆಮೇಲೆ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಓಡಿದೆವು. ಹಿಂದಿನಿಂದ ಅಣ್ಣ ಕೂಗಿದ್ದು ಸ್ಪೀಕರಿನಲ್ಲೇ ಕೇಳಿಸಿತು.

"ಲೇ, ಇನ್ನೂ ಮುಗ್ದಿಲ್ಲ ಕಣೇ! ಹೂ ಬಿದ್ರೆ?"

"ಬಿದ್ರೆ ಫೋನ್ ಮಾಡಣ್ಣ!" ಎಂದು ಕೂಗಿದೆ.

ಕಂಡಕ್ಟರು ಬಾಗಿಲಲ್ಲೇ ಇದ್ದ. "ಬರ್ತೀರೇನ್ರಿ?" ಎಂದು ಕೇಳಿದ. ನಾನು ಏದುಸಿರು ಬಿಡುತ್ತಿದ್ದೆ. ಹುಡುಗಿಯೇ ಹೇಳಿದಳು.

"ಬರ್ತೀವಿ, ನಿಲ್ಸ್ರಿ."

ಹೊಸದುರ್ಗದಲ್ಲಿ ಬಸ್ಸು ಬದಲಾಯಿಸಿ ಬಂದಾಗ ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ನನ್ನ ಗಂಡ ಮಂಡಕ್ಕಿ ಪೊಟ್ಟಣ, ಬಾಳೆಹಣ್ಣು, ನನಗೊಂದು ಸೀರೆ ಹಿಡಿದುಕೊಂಡು ನಿಂತಿದ್ದರು. ಫೋನಿನಲ್ಲಿ ಎಲ್ಲ ಕೇಳಿದ್ದವರು ಏನೂ ತಮಾಷೆ ಮಾಡದೆ "ಹೋಗ್ಬಾ" ಅಂದರು. ಜಾಣರು. ಚಿತ್ರದುರ್ಗದಲ್ಲಿ ಮತ್ತೆ ಬಸ್ಸು ಬದಲಾಯಿಸಿದೆವು. ಸೀಟಿಗೆ ನೂಕಾಡಿದ್ದಕ್ಕೆ ಹುಡುಗಿಗೆ ಕಿಟಕಿಯ ಪಕ್ಕ ಸಿಕ್ಕಿತು. ಬಸ್ಸು ಊರು ದಾಟುತ್ತಿದ್ದಂತೆ ನನ್ನ ಫೋನು ಬಡಿದುಕೊಂಡಿತು. ಅಣ್ಣ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಆಗಲೂ ಎತ್ತಲಿಲ್ಲ. ಫೋನನ್ನು ಬ್ಯಾಗಿಗೆ ಹಾಕಿ ಮಡಿಲಲ್ಲಿ ಇಟ್ಟುಕೊಂಡೆ. ಹರಿಹರ ದಾಟಿದ ಮೇಲೆ ಅವಳು ಕಿಟಕಿಯಾಚೆ ಕೈ ತೋರಿಸಿ, ಅತ್ತೆ, ಇಲ್ಲಿಂದ ಮುಂದೆ ಮಣ್ಣೇ ಬೇರೆ ನೋಡು ಎಂದಳು. ನನಗೆ ಅಂಥದ್ದೇನೂ ಕಾಣಲಿಲ್ಲ. ಹೌದು ಎಂದೆ.

ಶನಿವಾರ ಸೀಟು ಖಾತ್ರಿಯಾಯಿತು. ಹುಡುಗಿ ಹಾಸ್ಟೆಲಿನ ವಿಚಾರ ಕೇಳುವುದಕ್ಕೆ ಒಳಗೆ ಹೋದಾಗ ನಾನು ಹೊರಗೆ ಮರದ ಕೆಳಗೆ ಕುಳಿತು ಅಣ್ಣನಿಗೆ ಫೋನ್ ಮಾಡಿದೆ. ಬೈಗುಳಕ್ಕೆ ಸಿದ್ಧವಾಗಿದ್ದೆ. ತಿರುಗಿ ಬೈಯುವುದಕ್ಕೂ ಸಿದ್ಧವಾಗಿದ್ದೆ. ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ.

"ಹೂ ಬಿತ್ತಾ?" ಎಂದೆ.

"ಯಾವ್ ಹೂವು?"

"ನಿನ್ನೆ ಫೋನ್ ಮಾಡ್ದೆಯಲ್ಲ."

"ಓ, ಅದಾ? ಹುಡುಗಿ ಏನಾರ ಉಂಡ್ಳಾ ಅಂತ ಕೇಳಕ್ಕೆ ಮಾಡಿದ್ದೆ. ಬೆಳಿಗ್ಗೆ ಒಂದು ಲೋಟ ಟೀ ಕುಡಿದು ಬಂದಿದ್ಲು. ನೀನು ಎತ್ಲೇ ಇಲ್ಲ."

"ಮತ್ತೆ ಹೂವು?"

"ನಮಗೇನು ಗೊತ್ತು? ನೀವು ಹೊರಟ್ಮ್ಯಾಲೆ ಅಲ್ಲಿ ಯಾರ್ ಕಾಯ್ತಾರೆ? ನಾವೂ ಮನೆಗೆ ಬಂದು ಉಂಡ್ವಿ."

ಜೋಡಿಸಿಕೊಂಡಿದ್ದ ಮಾತು ಯಾವುದೂ ಬೇಕಾಗಲಿಲ್ಲ. ಅವನು ಬೇಕರಿಯ ವಿಷಯ ಶುರು ಮಾಡಿದ, ಓವನ್ ಎಲ್ಲಿ ಸಿಗುತ್ತದೆ ಎಂದು ಏನೋ ಕೇಳುತ್ತಿದ್ದ. ನನಗೆ ಹಿರಿಯೂರಿನ ಆ ಬಸ್ಸು, ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರು, ನನ್ನ ಕೈಯ ಚೀಲ ಕಣ್ಣ ಮುಂದೆ ಬಂದವು. ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ. ಅವತ್ತು ನಾನು ಹತ್ತಿ ಹೋಗಿದ್ದರೆ ಅಪ್ಪನೂ ಹೀಗೇ ಮನೆಯಲ್ಲಿ ಕೂತು ಉಣ್ಣುತ್ತಿದ್ದರು.